ಕರುಣರಸವೂ ಕನಿಕರವೂ: ಕನ್ನಡ ಕ್ರೈಸ್ತವಾಙ್ಮಯದಲ್ಲಿ ರೋಗಿಯ ಸ್ಥಾನ

೧

ರೋಗಿಗಳಲ್ಲಿಯೂ ದಿಕ್ಕಿಲ್ಲದವರಲ್ಲಿಯೂ ತೋರಬೇಕಾದ ದಯೆಯು ಕ್ರೈಸ್ತಮತದ ಮುಖ್ಯ ಲಕ್ಷಣಗಳಲ್ಲಿ ಒಂದೆಂಬುದು ಸರ್ವವಿದಿತವಾದ ಸಂಗತಿ. ಆ ಮತದ ಗ್ರಂಥಗಳು ಕನ್ನಡದಲ್ಲಿ ಅಚ್ಚಾಗತೊಡಗಿ ಹೆಚ್ಚುಕಡಮೆ ಎರಡು ಶತಮಾನಗಳಾದುವು. ಅವುಗಳನ್ನು ಮತಪ್ರಚಾರದ ಸಾಧನಗಳೆಂದು ನೋಡಿದವರುಂಟು. ಹೊಸಗನ್ನಡ ಗದ್ಯದ ಮೆಟ್ಟಿಲುಗಳೆಂದು ಗಣಿಸಿದವರೂ ಉಂಟು. ಆದರೆ ಅವುಗಳಲ್ಲಿಯ ಭಾವವನ್ನು ಕಾವ್ಯಮೀಮಾಂಸೆಯ ಒರೆಗಲ್ಲಿಗೆ ಹಚ್ಚಿ ನೋಡುವ ಪ್ರಯತ್ನವು ವಿರಳವಾಗಿಯೇ ಇದೆ. ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕದ್ದು ಇಷ್ಟೆ: ರೋಗಿಯನ್ನು ಕಂಡು ಮರುಗಿ ಅವನ ಬಳಿಗೆ ಹೋಗುವ ಈ ಭಾವವು ನಮ್ಮ ಆಲಂಕಾರಿಕರು ಹೇಳಿರುವ ಭಾವಗಳಲ್ಲಿ ಯಾವುದರಲ್ಲಿ ಅಡಕವಾಗುವುದು? ಅಡಕವಾಗದಿದ್ದರೆ ಅದರಲ್ಲಿಯ ವಿಶೇಷವೇನು?

ಈ ವಿಷಯದಲ್ಲಿ ಎರಡು ಪಕ್ಷಗಳು ರೂಢಿಯಲ್ಲಿವೆ. ಇಂಥ ದಯೆಯು ಈ ದೇಶದಲ್ಲಿ ಹಿಂದೆ ಇರಲೇ ಇಲ್ಲ, ಪಾದ್ರಿಗಳೇ ಅದನ್ನು ತಂದರು ಎಂಬುದು ಒಂದು ಪಕ್ಷ. ನಮ್ಮಲ್ಲಿ ಇಲ್ಲದ್ದು ಯಾವುದೂ ಅವರಲ್ಲಿಲ್ಲ, ಎಲ್ಲವೂ ಪೂರ್ವದಲ್ಲಿಯೇ ಉಕ್ತವಾಗಿದೆ ಎಂಬುದು ಎರಡನೆಯದು. ಈ ಎರಡೂ ಪಕ್ಷಗಳು ಗ್ರಂಥಗಳನ್ನು ಓದದೆ ಹುಟ್ಟಿದವುಗಳೆಂದು ತೋರುವುದರಿಂದ, ಮೊದಲು ಇವುಗಳನ್ನು ಪರೀಕ್ಷಿಸಿ ಆಮೇಲೆ ಸಿದ್ಧಾಂತವನ್ನು ನಿರೂಪಿಸುವೆನು.

೨

ಮೊದಲನೆಯ ಪಕ್ಷವನ್ನು ನಿರಾಕರಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ಕಲಬುರಗಿಯ ಸುತ್ತಣ ಸೀಮೆಯೊಂದೇ ಸಾಕು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ಈ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಉಗ್ರಾದಿತ್ಯಾಚಾರ್ಯನು ತನ್ನ ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥದ ಹಿತಾಹಿತಾಧ್ಯಾಯದಲ್ಲಿ, ಮಾಂಸವನ್ನು ಔಷಧವಾಗಿ ಉಪಯೋಗಿಸಲಾಗದೆಂದು ನೃಪತುಂಗನ ಸಭೆಯಲ್ಲಿ ವಾದಿಸಿದುದನ್ನು ತಿಳಿಸುವನು. ಒಂದು ಜೀವವನ್ನು ಉಳಿಸುವುದಕ್ಕಾಗಿ ಇನ್ನೊಂದು ಜೀವವನ್ನು ಕೊಲ್ಲಬಹುದೇ ಎಂಬ ಪ್ರಶ್ನೆಯು ವೈದ್ಯಶಾಸ್ತ್ರದೊಳಗೇ ಎದ್ದುದು ದಯೆಯು ಸೂಕ್ಷ್ಮವಾಗಿದ್ದ ಕಾಲದ ಲಕ್ಷಣವಲ್ಲವೇ?

ಹಾಗೆಯೇ ಕಲಬುರಗಿಯ ಸಮೀಪದ ಮರತೂರು ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನ ಊರು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ, ದಾನಪ್ರಕರಣದ ನಡುವೆ, ರೋಗಿಯ ಪರಿಚರ್ಯೆಯು ಗೋದಾನಕ್ಕೆ ಸಮನಾದುದೆಂದು ಹೇಳಿದೆ. ಗೋವನ್ನು ಕೊಡಲು ಶಕ್ತಿಯಿಲ್ಲದ ಬಡವನೂ ಅಸ್ವಸ್ಥನ ಬಳಿಯಲ್ಲಿ ಕುಳಿತು ಅದೇ ಪುಣ್ಯವನ್ನು ಪಡೆಯಬಹುದೆಂದು ಇದರ ತಾತ್ಪರ್ಯ.

ಬಹಮನಿ ಸುಲ್ತಾನರ ವಿಷಯವೂ ಇಲ್ಲಿ ಸ್ಮರಣೀಯ. ೧೩೪೭ರಲ್ಲಿ ಸ್ಥಾಪಿತವಾದ ಆ ರಾಜ್ಯದ ಮೊದಲ ರಾಜಧಾನಿ ಕಲಬುರಗಿ. ಇಲ್ಲಿಯ ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯು ಇಂದಿಗೂ ನಿಂತಿರುವುದು. ಹದಿನೈದನೆಯ ಶತಮಾನದಲ್ಲಿ ರಾಜಧಾನಿಯು ಬೀದರಿಗೆ ಹೋದ ಮೇಲೆ, ಅದೇ ವಂಶದ ಎರಡನೆಯ ಅಲಾಉದ್ದೀನ್ ಅಹಮದನು (೧೪೩೬–೧೪೫೮) ಅಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟು, ಮುಸಲ್ಮಾನ ಹಕೀಮರನ್ನೂ ಹಿಂದೂ ವೈದ್ಯರನ್ನೂ ಒಟ್ಟಿಗೆ ನೇಮಿಸಿದನೆಂದು ಫಿರಿಸ್ತನ ಇತಿಹಾಸದಿಂದ ತಿಳಿಯುವುದು. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ಕೀರ್ತಿಯಂತೂ ಈ ಸೀಮೆಯ ಆಬಾಲವೃದ್ಧರಿಗೆ ಗೊತ್ತು. ಇಷ್ಟನ್ನು ನೋಡಿದ ಮೇಲೆ, ಅಶಕ್ತರಲ್ಲಿ ದಯೆಯೆಂಬುದು ಹೊರಗಿನಿಂದ ಬಂದ ಸರಕೆಂದು ಹೇಳುವುದು ಸಾಹಸದ ಮಾತಾಗುವುದು.

೩

ಇನ್ನು ಎರಡನೆಯ ಪಕ್ಷ. ದಯೆಯು ನಮ್ಮಲ್ಲಿ ಉಂಟೆಂಬುದು ಸಿದ್ಧವಾಯಿತು. ಆದರೆ ಸಾಹಿತ್ಯದಲ್ಲಿ ರೋಗಿಗೆ ಯಾವ ಸ್ಥಾನವು ದೊರೆತಿದೆ ಎಂಬುದು ಬೇರೆಯ ಪ್ರಶ್ನೆ.

ಭರತಮುನಿಯು ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ವ್ಯಾಧಿಯೂ ಒಂದು. ಜ್ವರವನ್ನು ಶೀತಸಹಿತ, ದಾಹಸಹಿತ ಎಂದು ವಿಭಾಗಿಸಿ ಅವುಗಳ ಅಭಿನಯವನ್ನು ಕೂಡ ಅವನು ಹೇಳಿರುವನು. ವ್ಯಭಿಚಾರಿಯೆಂದರೆ ಬಂದು ಹೋಗತಕ್ಕದ್ದು. ಸ್ಥಾಯಿಯನ್ನು ಪೋಷಿಸಿ ಮರೆಯಾಗತಕ್ಕದ್ದು. ವಿರಹಿಣಿಯ ತಾಪವು ರತಿಯನ್ನು ಪೋಷಿಸುವುದಕ್ಕೆ ಬರುವುದೇ ಹೊರತು, ಆ ತಾಪವೇ ಕಾವ್ಯದ ವಿಷಯವಲ್ಲ. ಇನ್ನು ಕೀವು, ರಕ್ತ, ವ್ರಣ ಮೊದಲಾದವುಗಳಿಂದ ಕೂಡಿದ ನಿಜವಾದ ರೋಗಿಯ ಶರೀರವೋ, ಜುಗುಪ್ಸೆಗೆ ವಿಭಾವವಾಗಿ ಬೀಭತ್ಸದ ಪಾಲಿಗೆ ಹೋಗುವುದು. ವಚನವಾಙ್ಮಯದಲ್ಲಿ ವೈದ್ಯ ಸಂಗಣ್ಣನಂಥ ಶರಣನು ವೈದ್ಯಕದ ಪರಿಭಾಷೆಯನ್ನು ಧಾರಾಳವಾಗಿ ತಂದಿರುವನು. ಆದರೆ ಅಲ್ಲಿಯ ರೋಗವು ಪ್ರಾಯಶಃ ಭವರೋಗಕ್ಕೆ ಉಪಮಾನ. ಹೀಗೆ ರೋಗಿಯು ಒಂದೆಡೆ ಸಂಚಾರಿ, ಒಂದೆಡೆ ಬೀಭತ್ಸ, ಒಂದೆಡೆ ಉಪಮಾನ.

ಕರುಣರಸದಲ್ಲಿ ಅವನಿಗೆ ಎಡೆಯಿಲ್ಲವೇ ಎಂದು ಕೇಳಬಹುದು. ಕರುಣಕ್ಕೆ ಸ್ಥಾಯಿ ಶೋಕ. ಶೋಕವೆಂಬುದು ಇಷ್ಟಜನರ ನಾಶದಿಂದ ಹುಟ್ಟತಕ್ಕದ್ದು. ಗುರುತಿಲ್ಲದವನ ವ್ರಣವನ್ನು ಕಂಡು ಅದನ್ನು ಕಟ್ಟುವುದಕ್ಕೆ ಬಾಗುವವನಲ್ಲಿ ಇರುವುದು ಶೋಕವಲ್ಲ. ಶೋಕಿಸುವವನು ಕೈಚೆಲ್ಲಿ ಕೂರುವನು, ಇವನು ಕೈಯೆತ್ತುವನು. ಆದಕಾರಣ ಇದು ಕರುಣವಾಗಲಾರದು.

ಹಾಗಾದರೆ ದಯಾವೀರವೆನ್ನೋಣವೇ? ಭರತನು ವೀರವನ್ನು ದಾನ, ಧರ್ಮ, ಯುದ್ಧ ಎಂದು ಮೂರು ಬಗೆಯಾಗಿ ಹೇಳಿದರೆ, ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ದಯಾವೀರವನ್ನೂ ಸೇರಿಸಿ ನಾಲ್ಕು ಮಾಡಿರುವನು. ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಹರ್ಷದೇವನ ನಾಗಾನಂದದ ಜೀಮೂತವಾಹನ. ಶಂಖಚೂಡನನ್ನು ಉಳಿಸುವುದಕ್ಕಾಗಿ ಗರುಡನಿಗೆ ತನ್ನ ಶರೀರವನ್ನೇ ಒಪ್ಪಿಸಿದ ಅವನ ತ್ಯಾಗವು ಲೋಕೋತ್ತರವಾದುದು. ಆದರೆ ಇಲ್ಲಿಯ ಸ್ಥಾಯಿ ಉತ್ಸಾಹ. ಉತ್ಸಾಹಕ್ಕೆ ಆಶ್ರಯ ನಾಯಕ. ಶಂಖಚೂಡನು ನಾಯಕನ ಔದಾರ್ಯವನ್ನು ಬೆಳಗುವ ಆಲಂಬನ ಮಾತ್ರ. ಸಹೃದಯನ ಕಣ್ಣು ಕೊಟ್ಟವನ ಮೇಲೆ ನೆಡುವುದೇ ಹೊರತು ಪಡೆದವನ ಮೇಲಲ್ಲ. ಸ್ಮೃತಿಯು ರೋಗಿಪರಿಚರ್ಯೆಯನ್ನು ದಾನಪ್ರಕರಣದಲ್ಲಿ ಇಟ್ಟುದೂ ಇದೇ ರೀತಿಯದು: ಅಲ್ಲಿ ಫಲವನ್ನು ಅಳೆಯುವುದು ಕೊಡುವವನ ಕಡೆಯಿಂದ.

ನಮ್ಮ ಪರಂಪರೆಯಲ್ಲಿ ಕ್ರೈಸ್ತಭಾವಕ್ಕೆ ಅತ್ಯಂತ ಸಮೀಪವಾಗಿ ಬರುವುದು ಜೈನರ ನಿರ್ವಿಚಿಕಿತ್ಸೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಇದು ಜುಗುಪ್ಸೆಯನ್ನು ಗೆಲ್ಲುವ ಗುಣ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಉದ್ದಾಯನನೆಂಬ ಅರಸನು ನಿದರ್ಶನ. ಗದಗಿನ ಹತ್ತಿರದ ಮುಳಗುಂದದ ನಯಸೇನನು ೧೧೧೨ರಲ್ಲಿ ರಚಿಸಿದ ಧರ್ಮಾಮೃತವೂ ಈ ಅಂಗಗಳನ್ನು ಕಥೆಗಳ ಮೂಲಕ ಬೋಧಿಸುವ ಕನ್ನಡ ಕಾವ್ಯ. ಉದ್ದಾಯನನ ಕಥೆಯಲ್ಲಿ ಕುಷ್ಠರೋಗಿಯಾದ ಒಬ್ಬ ಮುನಿಯು ಅರಮನೆಗೆ ಬರುವನು. ಉಂಡುದನ್ನು ಅರಸನ ಮೈಮೇಲೆಯೇ ಕಾರುವನು. ಅರಸನು ಹೇಸದೆ, ತನ್ನ ಆಹಾರದಲ್ಲಿಯೇ ದೋಷವಿದ್ದಿತೆಂದು ನೊಂದು, ಅವನ ಶರೀರವನ್ನು ತೊಳೆಯುವನು. ಇದಕ್ಕಿಂತ ಉತ್ತಮವಾದ ಶುಶ್ರೂಷೆಯ ಚಿತ್ರವು ಎಲ್ಲಿಯೂ ದುರ್ಲಭ. ಆದರೆ ಕಥೆಯ ಕೊನೆಯಲ್ಲಿ ಆ ಮುನಿಯು ಮುನಿಯೇ ಅಲ್ಲ, ಪರೀಕ್ಷಿಸಲು ಬಂದ ದೇವತೆಯೆಂದು ತಿಳಿಯುವುದು, ರೋಗವು ಮಾಯವಾಗುವುದು, ಅರಸನ ಗುಣವು ಪ್ರಕಟವಾಗುವುದು. ರೋಗವು ವೇಷವಾಗಿದ್ದುದರಿಂದ ರೋಗಿಯೂ ವೇಷವಾಗಿ ಹೋದನು. ಕಥೆಯ ನೀತಿಯು ಉಳಿಯಿತು, ರೋಗಿಯು ಉಳಿಯಲಿಲ್ಲ.

೪

ಈ ಹಿನ್ನೆಲೆಯನ್ನಿಟ್ಟುಕೊಂಡು ಕನ್ನಡ ಬೈಬಲಿಗೆ ಬರೋಣ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೮೩೧ರ ವೇಳೆಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಮುದ್ರಿತವಾಯಿತು. ಆಮೇಲೆ ಬಾಸೆಲ್ ಮಿಷನ್ನಿನ ವಿದ್ವಾಂಸರು ಅದನ್ನು ಪರಿಷ್ಕರಿಸಿದರು. ಯೇಸುವು ರೋಗಿಗಳನ್ನು ಕಂಡು ಮರುಗಿದ ಸಂದರ್ಭಗಳಲ್ಲಿ ಕನ್ನಡದ ಪಾಠದಲ್ಲಿ ಸಾಮಾನ್ಯವಾಗಿ ಬರುವ ಮಾತು ಕನಿಕರ. ಇದು ಚಿಂತಿಸತಕ್ಕ ವಿಷಯ. ಕರುಣೆ, ದಯೆ, ಕೃಪೆ, ಅನುಕಂಪ ಎಂಬ ಸಂಸ್ಕೃತಪದಗಳು ಸಿದ್ಧವಾಗಿ ಕೈಯಲ್ಲಿದ್ದರೂ, ತೆಲುಗರಿಗೂ ನಮಗೂ ಸಮಾನವಾಗಿರುವ ಈ ಆಡುಮಾತು ಇಲ್ಲಿಗೆ ಒದಗಿತು.

ಮೂಲದ ಗ್ರೀಕ್ ಕ್ರಿಯಾಪದವು ಹೊಟ್ಟೆಯೊಳಗಣ ಅಂಗಗಳನ್ನು, ಎಂದರೆ ಕರುಳನ್ನು, ಹೇಳುವ ಶಬ್ದದಿಂದ ಹುಟ್ಟಿದುದು. ಕರುಳು ಮಿಡಿಯಿತು, ಕರುಳು ಚುರುಕ್ಕೆಂದಿತು ಎಂದು ನಮ್ಮ ಹೆಂಗಸರು ನಿತ್ಯವೂ ಆಡುವ ಮಾತಿಗೂ ಆ ಗ್ರೀಕ್ ಪದಕ್ಕೂ ಆಶ್ಚರ್ಯಕರವಾದ ಸಾಮ್ಯವಿದೆ. ಭಾಷಾಂತರಕಾರರು ಕರುಳನ್ನೇ ಹಿಡಿದಿದ್ದರೆ ಮೂಲದ ಶಕ್ತಿಯು ಇನ್ನೂ ಹೆಚ್ಚಾಗಿ ಬರುತ್ತಿತ್ತೆಂದು ನನ್ನ ಅಭಿಪ್ರಾಯ. ಆದರೂ ಕೃಪೆಯೆಂಬ ಪದವನ್ನು ಇಲ್ಲಿ ಬಿಟ್ಟುದು ವಿವೇಕದ ಕೆಲಸ. ಕೃಪೆಯು ಮೇಲಿನಿಂದ ಕೆಳಕ್ಕೆ ಇಳಿಯುವುದು. ಪ್ರಭುವು ಸೇವಕನಿಗೆ, ಗುರುವು ಶಿಷ್ಯನಿಗೆ ಮಾಡತಕ್ಕದ್ದು. ಕನಿಕರಕ್ಕೆ ಈ ಮೇಲುಕೀಳಿನ ಅಪೇಕ್ಷೆಯಿಲ್ಲ. ಭಿಕ್ಷುಕನೂ ಅರಸನಲ್ಲಿ ಕನಿಕರಪಡಬಹುದು. ವ್ರಣವನ್ನು ಮುಟ್ಟುವವನಿಗೂ ಮುಟ್ಟಿಸಿಕೊಳ್ಳುವವನಿಗೂ ನಡುವಣ ಅಂತರವನ್ನು ಕಡಮೆ ಮಾಡುವ ಪದವಿದು.

ಪದದಿಂದ ಕಥೆಗೆ ಹೋಗೋಣ. ಲೂಕನ ಸುವಾರ್ತೆಯಲ್ಲಿಯ ಸಮಾರ್ಯದವನ ಸಾಮ್ಯವು ಪ್ರಸಿದ್ಧವಾದುದು. ಲೂಕನು ವೈದ್ಯನೆಂದು ಆ ಮತದವರ ಪರಂಪರೆ. ಈ ಕಥೆಯನ್ನು ಹೇಳಿರುವುದೂ ನಾಲ್ವರು ಸುವಾರ್ತಾಕಾರರಲ್ಲಿ ಅವನೊಬ್ಬನೇ. ಕಳ್ಳರಿಂದ ಹೊಡೆಸಿಕೊಂಡು ದಾರಿಯಲ್ಲಿ ಬಿದ್ದವನನ್ನು ಕಂಡು ಯಾಜಕನೂ ಲೇವಿಯನೂ ಓರೆಯಾಗಿ ಹೋದರು. ಯೆಹೂದ್ಯರು ಹಳಿಯುತ್ತಿದ್ದ ಸಮಾರ್ಯದವನೊಬ್ಬನು ನಿಂತನು. ಇಲ್ಲಿ ವಿಮರ್ಶಕನು ಗಮನಿಸತಕ್ಕ ಅಂಶಗಳು ಮೂರು.

ಒಂದನೆಯದಾಗಿ, ಭಾವವನ್ನು ಹೇಳುವುದಕ್ಕೆ ಕವಿಯು ಒಂದೇ ಕ್ರಿಯಾಪದವನ್ನು ವೆಚ್ಚಮಾಡಿರುವನು. ಅನುಭಾವಗಳನ್ನು ಮಾತ್ರ ಒಂದೊಂದಾಗಿ ಎಣಿಸಿರುವನು. ಎಣ್ಣೆ, ದ್ರಾಕ್ಷಾರಸ, ಗಾಯದ ಕಟ್ಟು, ಸ್ವಂತದ ವಾಹನ, ಚಾವಡಿ, ಮಾರನೆಯ ದಿನ ಕೊಟ್ಟ ಎರಡು ನಾಣ್ಯಗಳು, ಮಿಕ್ಕ ವೆಚ್ಚವನ್ನು ಮರಳಿ ಬಂದಾಗ ತೀರಿಸುವೆನೆಂಬ ಮಾತು. ಕಣ್ಣೀರಿನ ಪ್ರಸ್ತಾಪವೇ ಇಲ್ಲ. ಎರಡನೆಯದಾಗಿ, ಉಪಕರಿಸಿದವನಿಗೆ ಹೆಸರಿಲ್ಲ. ಅವನು ಗಾಯಾಳುವಿನ ಕುಲವನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ. ಅವನಿಗೆ ಫಲಶ್ರುತಿಯಿಲ್ಲ, ಆಕಾಶದಿಂದ ಪುಷ್ಪವೃಷ್ಟಿಯೂ ಇಲ್ಲ. ಮೂರನೆಯದಾಗಿ, ನೆರೆಯವನಾರು ಎಂದು ಕೇಳಿದ ಪಂಡಿತನ ಪ್ರಶ್ನೆಯನ್ನು ಯೇಸುವು ತಿರುಗಿಸಿ, ಬಿದ್ದವನಿಗೆ ನೆರೆಯವನಾದವನಾರು ಎಂದು ಕೇಳುವನು. ಪ್ರಶ್ನೆಯು ಸಹಾಯಕನ ಸ್ಥಾನದಿಂದ ಹೊರಟಿತ್ತು. ಗಾಯಾಳುವಿನ ಸ್ಥಾನಕ್ಕೆ ಬಂದು ನಿಂತಿತು. ದಯಾವೀರದಲ್ಲಿ ನಾಯಕನ ಮೇಲಿದ್ದ ದೃಷ್ಟಿಯು ಇಲ್ಲಿ ಬಿದ್ದವನ ಕಣ್ಣಿನ ಎತ್ತರಕ್ಕೆ ಇಳಿದಿರುವುದು. ಈ ಭಾವದ ವಿಶೇಷವು ಇದೇ ಎಂದು ನನ್ನ ಸಿದ್ಧಾಂತ.

ಇದಕ್ಕೆ ಒಂದು ಆಕ್ಷೇಪವನ್ನು ತರಬಹುದು. ಮತ್ತಾಯನ ಸುವಾರ್ತೆಯಲ್ಲಿ, ಕಡೆಯ ತೀರ್ಪಿನ ದಿನ ಅರಸನು, ರೋಗಿಯನ್ನು ನೋಡಲು ಹೋದುದು ತನ್ನನ್ನೇ ನೋಡಲು ಬಂದುದಕ್ಕೆ ಸಮವೆನ್ನುವನು. ಹಾಗಾದರೆ ಇಲ್ಲಿಯೂ ರೋಗಿಯು ದೇವರ ವೇಷವೇ ಆಗಲಿಲ್ಲವೇ, ಉದ್ದಾಯನನ ಕಥೆಗೂ ಇದಕ್ಕೂ ಭೇದವೇನು? ಭೇದವುಂಟು. ಉದ್ದಾಯನನ ಕಥೆಯಲ್ಲಿ ವೇಷವು ಕಳಚಿದೊಡನೆ ರೋಗವು ಸುಳ್ಳಾಗುವುದು. ಮತ್ತಾಯನಲ್ಲಿ ರೋಗಿಯು ರೋಗಿಯಾಗಿಯೇ, ಹಸಿದವನು ಹಸಿದವನಾಗಿಯೇ ಉಳಿಯುವನು. ಅರಸನು ಅವರನ್ನು ತನ್ನವರೆನ್ನುವನೇ ಹೊರತು ಅವರ ನೋವನ್ನು ಲೀಲೆಯೆನ್ನುವುದಿಲ್ಲ. ಸೇವೆ ಮಾಡಿದವರೂ ತಮಗೆ ಅದು ತಿಳಿದೇ ಇರಲಿಲ್ಲವೆನ್ನುವರು. ಪುಣ್ಯದ ಲೆಕ್ಕವು ಅವರ ಮನಸ್ಸಿನಲ್ಲಿರಲಿಲ್ಲವೆಂಬುದು ಇದರ ಧ್ವನಿ.

೫

ಈ ಭಾವವು ಕನ್ನಡದ ಪದ್ಯಕಾವ್ಯಕ್ಕೆ ಎಷ್ಟರಮಟ್ಟಿಗೆ ಇಳಿಯಿತು? ಶಬ್ದಮಣಿದರ್ಪಣವನ್ನು ಸಂಪಾದಿಸಿ, ೧೮೯೪ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದ ಕಿಟ್ಟೆಲರು ೧೮೬೨ರಲ್ಲಿಯೇ ಕಥಾಮಾಲೆಯೆಂಬ ಕೃತಿಯಲ್ಲಿ ಯೇಸುವಿನ ಚರಿತೆಯನ್ನು ಈ ದೇಶದ ಪದ್ಯಪದ್ಧತಿಗೆ ಒಗ್ಗಿಸಿದರು. ಮಂಜೇಶ್ವರದ ಗೋವಿಂದ ಪೈಗಳ ಗೊಲ್ಗೊಥಾ ೧೯೩೭ರಲ್ಲಿ ಪುಸ್ತಕವಾಗಿ ಬಂದಿತು. ಕ್ರೈಸ್ತರಲ್ಲದ ಕವಿಯೊಬ್ಬರು ಪ್ರೌಢವಾದ ಕನ್ನಡದಲ್ಲಿ ಕ್ರಿಸ್ತನನ್ನು ಕಂಡ ಈ ಖಂಡಕಾವ್ಯವು ನಮ್ಮ ಸಾಹಿತ್ಯದ ಭೂಷಣ. ಆದರೆ ಅವರು ವಸ್ತುವಾಗಿ ಆರಿಸಿದುದು ಯೇಸುವಿನ ಕಡೆಯ ದಿನವನ್ನು. ಆ ದಿನದಲ್ಲಿ ಪ್ರಧಾನವಾಗತಕ್ಕದ್ದು ಶೋಕ, ಎಂದರೆ ಶಾಸ್ತ್ರಸಮ್ಮತವಾದ ಕರುಣರಸವೇ. ಶಿಲುಬೆಯ ಮರಣವು ನಮ್ಮ ರಸಪದ್ಧತಿಗೆ ಸುಲಭವಾಗಿ ಒಗ್ಗುವುದು. ಕುಷ್ಠರೋಗಿಯನ್ನು ಮುಟ್ಟಿದ ಕೈಯು ಹಾಗೆ ಒಗ್ಗುವುದಿಲ್ಲ. ಕವಿಯ ಆಯ್ಕೆಯನ್ನು ದೂಷಿಸುವುದಕ್ಕಾಗಿ ಈ ಮಾತನ್ನು ಹೇಳಲಿಲ್ಲ. ಎರಡು ಭಾವಗಳ ಅಂತರವು ಎಷ್ಟು ದೊಡ್ಡದೆಂದು ತೋರಿಸುವುದಕ್ಕಾಗಿ ಹೇಳಿದೆನು.

ಆ ಕೈಯ ಅರ್ಥವನ್ನು ತಿಳಿಯಬೇಕಾದರೆ ಕಾವ್ಯವನ್ನು ಬಿಟ್ಟು ಆಚರಣೆಯನ್ನು ನೋಡಬೇಕು. ಚರಕಾಚಾರ್ಯನು ವೈದ್ಯನ ವೃತ್ತಿಯನ್ನು ನಾಲ್ಕು ಬಗೆಯಾಗಿ ಹೇಳಿರುವನು: ಎಲ್ಲರಲ್ಲಿ ಮೈತ್ರಿ, ಆರ್ತರಲ್ಲಿ ಕಾರುಣ್ಯ, ಸಾಧ್ಯರೋಗಿಯಲ್ಲಿ ಪ್ರೀತಿ, ಮರಣೋನ್ಮುಖನಲ್ಲಿ ಉಪೇಕ್ಷೆ. ಅಸಾಧ್ಯವಾದ ರೋಗಕ್ಕೆ ಕೈಹಾಕಿದ ವೈದ್ಯನಿಗೆ ಅರ್ಥಹಾನಿಯೂ ವಿದ್ಯಾಹಾನಿಯೂ ಯಶೋಹಾನಿಯೂ ಆಗುವುದೆಂದು ಇನ್ನೊಂದೆಡೆಯಲ್ಲಿ ಹೇಳಿದೆ. ಇದನ್ನು ಕ್ರೌರ್ಯವೆನ್ನಲಾಗದು. ಉಪೇಕ್ಷೆಯೆಂದರೆ ಇಲ್ಲಿ ಚಿತ್ತದ ಸಮತೆ. ಸಾಯುವವನ ಮನೆಯಿಂದ ಹಣವನ್ನು ಸುಲಿಯುವ ಕಪಟವೈದ್ಯನಿಗೆ ಈ ನಿಯಮವು ಕಡಿವಾಣವೂ ಹೌದು. ಆದರೂ ಒಂದು ಪ್ರಶ್ನೆಯು ಉಳಿಯುವುದು: ವೈದ್ಯನು ಬಿಟ್ಟುಹೋದ ಮೇಲೆ ಆ ರೋಗಿಯ ಬಳಿಯಲ್ಲಿ ಇರುವವರು ಯಾರು?

ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ದೊರೆತ ಉತ್ತರಗಳಲ್ಲಿ ಮಂಗಳೂರಿನ ಕಂಕನಾಡಿಯದು ಒಂದು. ಜೆಸ್ವಿತ ಸಂನ್ಯಾಸಿಯಾದ ಆಗಸ್ಟಸ್ ಮುಲ್ಲರರು ೧೮೮೦ರಲ್ಲಿ ಅಲ್ಲಿ ಔಷಧಾಲಯವನ್ನು ತೆರೆದು, ೧೮೯೦ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ, ೧೯೦೨ರಲ್ಲಿ ಪ್ಲೇಗಿನ ಆಸ್ಪತ್ರೆಯನ್ನೂ ಸ್ಥಾಪಿಸಿದರು. ವರ್ಷಗಳನ್ನು ಗಮನಿಸಬೇಕು. ಕುಷ್ಠದ ಸೂಕ್ಷ್ಮಜೀವಿಯನ್ನು ನಾರ್ವೆಯ ಹಾನ್ಸೆನ್ ಕಂಡುಹಿಡಿದುದು ೧೮೭೩ರಲ್ಲಿ; ಅದಕ್ಕೆ ನಿಜವಾಗಿ ಫಲಕಾರಿಯಾದ ಮದ್ದು ದೊರೆತುದು ೧೯೪೦ರ ದಶಕದಲ್ಲಿ. ನಡುವಣ ಆ ಕಾಲದಲ್ಲಿ ಆಶ್ರಯವನ್ನು ಕಟ್ಟಿದವನು ಗುಣವನ್ನು ವಾಗ್ದಾನ ಮಾಡುವಂತಿರಲಿಲ್ಲ. ಯಶಸ್ಸಿನ ಆಸೆಯೂ ಇರುವಂತಿರಲಿಲ್ಲ. ಸೂರು, ಅನ್ನ, ಗಾಯದ ಕಟ್ಟು ಇಷ್ಟೇ ಅವನು ಕೊಡಬಹುದಾಗಿದ್ದುದು. ಸಾಮ್ಯದಲ್ಲಿ ಎಣಿಸಿದ ಎಣ್ಣೆ, ಕಟ್ಟು, ಚಾವಡಿಗಳೇ ಇಲ್ಲಿ ಕಟ್ಟಡವಾಗಿ ನಿಂತುವೆನ್ನಬಹುದು. ನಯಸೇನನ ಮುಳಗುಂದಕ್ಕೆ ಸಮೀಪವಾದ ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಆಸ್ಪತ್ರೆಯನ್ನು ಕಟ್ಟಿದರು; ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದು, ೨೦೦೯ರಲ್ಲಿ ಬೇರೆ ಜಿಲ್ಲೆಯಾದ ಯಾದಗಿರಿಯಲ್ಲಿ ಮೆಥೊಡಿಸ್ಟರು ಹೋಲ್ಸ್ಟನ್ ಆಸ್ಪತ್ರೆಯನ್ನು ನಡೆಸಿದರು.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಔಷಧದ ಸೀಸೆಯೊಡನೆ ಮತದ ಉಪದೇಶವನ್ನೂ ಕೊಟ್ಟ ಮಿಷನ್ನುಗಳಿದ್ದುವು. ಗುಣವಾದವರ ಎಣಿಕೆಯ ಪಕ್ಕದಲ್ಲಿ ಮತಕ್ಕೆ ಸೇರಿದವರ ಎಣಿಕೆಯನ್ನೂ ಬರೆದಿಟ್ಟ ವರದಿಗಳಿದ್ದುವು. ಇದನ್ನು ಖಂಡಿಸುವುದಕ್ಕೆ ಹೊರಗಿನ ಪ್ರಮಾಣವು ಬೇಕಾಗಿಲ್ಲ. ಗಾಯಾಳುವಿನ ಮತವನ್ನು ಕೇಳದೆ, ಅವನಿಂದ ಏನನ್ನೂ ಬಯಸದೆ, ಚಾವಡಿಯವನಿಗೆ ಒಪ್ಪಿಸಿ ತನ್ನ ದಾರಿಯನ್ನು ಹಿಡಿದ ಸಮಾರ್ಯದವನೇ ಸಾಕ್ಷಿ. ರೋಗಿಯನ್ನು ಪುಣ್ಯದ ಲೆಕ್ಕಕ್ಕೆ ಸೇರಿಸಿದರೂ ಮತದ ಲೆಕ್ಕಕ್ಕೆ ಸೇರಿಸಿದರೂ ಅವನು ಮತ್ತೊಬ್ಬರ ಪ್ರಯೋಜನಕ್ಕೆ ನಿಮಿತ್ತವಾಗುವನು. ಆ ಸಾಮ್ಯವು ಎರಡನ್ನೂ ಒಪ್ಪುವುದಿಲ್ಲ.

೬

ಇದು ಗ್ರಂಥಗಳ ವಿಚಾರ ಮಾತ್ರವೆಂದು ವಾಚಕರು ಭಾವಿಸಬಾರದು. ೨೦೨೦ರ ಮಾರ್ಚಿ ತಿಂಗಳಲ್ಲಿ, ಭಾರತದಲ್ಲಿ ಕೋವಿಡ್ ರೋಗದಿಂದಾದ ಮೊದಲ ಮರಣವು ಕಲಬುರಗಿಯವರದೆಂದು ಪ್ರಕಟವಾಯಿತು. ಆಗ ದೇಶದಲ್ಲೆಲ್ಲ ರೋಗಿಯ ಹೆಸರಿಗಿಂತ ಮೊದಲು ಅವನಿಂದ ಹರಡುವ ಭಯವೇ ಮಾತಿಗೆ ಬಂದಿತು. ಎಷ್ಟೋ ಕಡೆ ಶುಶ್ರೂಷೆ ಮಾಡಿದವರನ್ನೂ ನೆರೆಹೊರೆಯವರು ದೂರವಿಟ್ಟರು. ಸೋಂಕಿನ ಭಯವು ನಿರಾಧಾರವಲ್ಲ. ಕುಷ್ಠ, ಜ್ವರ, ಶೋಷಗಳು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವುದನ್ನು ಸುಶ್ರುತನೂ ಬಲ್ಲನು. ಯೆಹೂದ್ಯರ ಪ್ರಾಚೀನ ಶಾಸ್ತ್ರವು ಕುಷ್ಠಿಯನ್ನು ಪಾಳೆಯದ ಹೊರಗಿಟ್ಟುದೂ ಹೀಗೆಯೇ. ಆದರೆ ರೋಗವನ್ನು ದೂರವಿಡುವುದು ಒಂದು, ರೋಗಿಯನ್ನು ಮನುಷ್ಯರ ಎಣಿಕೆಯಿಂದ ತೆಗೆದುಹಾಕುವುದು ಇನ್ನೊಂದು. ಮೊದಲನೆಯದು ವೈದ್ಯಕ, ಎರಡನೆಯದು ಭಾವದಾರಿದ್ರ್ಯ. ಈ ಭೇದವನ್ನು ಮನಸ್ಸಿಗೆ ತಂದುಕೊಡತಕ್ಕದ್ದು ಸಾಹಿತ್ಯ.

ಆದಕಾರಣ ನಮ್ಮ ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ರಸಪ್ರಕರಣವನ್ನು ಬೋಧಿಸುವ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇದು. ದಯಾವೀರಕ್ಕೆ ನಾಗಾನಂದವನ್ನು ಹೇಳುವಾಗ, ಅದರ ಪಕ್ಕದಲ್ಲಿ ಉದ್ದಾಯನನ ಕಥೆಯನ್ನೂ ಸಮಾರ್ಯದವನ ಸಾಮ್ಯವನ್ನೂ ಇಟ್ಟು ವಿದ್ಯಾರ್ಥಿಗಳಿಂದ ಓದಿಸಬೇಕು. ಮೂರರಲ್ಲಿಯೂ ಕಥೆಯು ಮುಗಿದ ಮೇಲೆ ಉಪಕೃತನಾದವನು ಎಲ್ಲಿರುವನೆಂದು ಕೇಳಬೇಕು. ಶಂಖಚೂಡನು ನಾಯಕನ ಕೀರ್ತಿಯ ನೆರಳಿನಲ್ಲಿರುವನು. ಕುಷ್ಠಿಯಾದ ಮುನಿಯು ದೇವತೆಯಾಗಿ ಅದೃಶ್ಯನಾಗಿರುವನು. ಗಾಯಾಳುವು ಚಾವಡಿಯಲ್ಲಿ ಮಲಗಿರುವನು, ಅವನ ವೆಚ್ಚವು ಇನ್ನೂ ತೀರಬೇಕಾಗಿದೆ. ಈ ಮೂರನೆಯದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೆಯ ಹೆಸರಿಲ್ಲ. ಕನಿಕರವನ್ನೇ ಪಾರಿಭಾಷಿಕಪದವಾಗಿ ಅಂಗೀಕರಿಸಿ, ಉತ್ಸಾಹದಿಂದಲೂ ಶೋಕದಿಂದಲೂ ಭಿನ್ನವಾದ ಭಾವವೆಂದು ಅದಕ್ಕೆ ಲಕ್ಷಣವನ್ನು ಬರೆದರೆ, ನಮ್ಮ ಕಾವ್ಯಮೀಮಾಂಸೆಯು ಬೆಳೆಯುವುದೇ ಹೊರತು ಅದರ ಮರ್ಯಾದೆಗೆ ಯಾವ ಕುಂದೂ ಬಾರದು. ಹಿಂದೆ ಮೂರಾಗಿದ್ದ ವೀರವನ್ನು ವಿಶ್ವನಾಥನು ನಾಲ್ಕು ಮಾಡಿದಾಗ ಯಾರೂ ಅವನನ್ನು ಸಂಪ್ರದಾಯದ್ರೋಹಿಯೆನ್ನಲಿಲ್ಲ. ವಿದ್ವಾಂಸರು ಈ ವಿಷಯವನ್ನು ಪರಿಶೀಲಿಸಿ ಯುಕ್ತಾಯುಕ್ತಗಳನ್ನು ನಿರ್ಣಯಿಸುವರೆಂದು ನಂಬಿರುವೆನು.